ಬ್ರೇಕ್‌ಥ್ರೂ: ಈ ಪದಕ್ಕೆ ಕನ್ನಡದಲ್ಲಿ ಏನನ್ನೋಣ?

ಪ್ಲೇನ್ಸ್‌ಬರೋದಲ್ಲಿ ವಾಸ ಮಾಡುವ ವಿದ್ಯಾರ್ಥಿಗಳಿಗೆ ‘ಬ್ರೇಕ್‌ಥ್ರೂ’ ಅನ್ನೋ ಪದದಿಂದ ತಪ್ಪಿಸಿಕೊಳ್ಳೋದು ಕಷ್ಟ. ರೂಟ್ ಒಂದರ ಪಕ್ಕದ ಫಾರೆಸ್ಟಲ್ ಕ್ಯಾಂಪಸ್‌ನಲ್ಲಿ ಪ್ರಿನ್ಸ್‌ಟನ್ ಪ್ಲಾಸ್ಮಾ ಫಿಸಿಕ್ಸ್ ಲ್ಯಾಬೊರೇಟರಿ ಇದೆ. ಹೆಸರು ಪ್ರಿನ್ಸ್‌ಟನ್ನಿನದು, ನೆಲ ನಮ್ಮ ಪ್ಲೇನ್ಸ್‌ಬರೋದ್ದು. ಸೂರ್ಯನ ಒಡಲಲ್ಲಿ ನಡೆಯುವ ಪರಮಾಣು ಸಮ್ಮಿಲನವನ್ನು ಭೂಮಿಯ ಮೇಲೆ ನಡೆಸಿ ಕರೆಂಟು ತೆಗೆಯೋ ಪ್ರಯತ್ನ ಇಲ್ಲಿ 1951ರಲ್ಲೇ ಶುರುವಾಯಿತು. ಇನ್ನೊಂದು ಕಡೆ ಸ್ಕಡರ್ಸ್ ಮಿಲ್ ರಸ್ತೆಯಲ್ಲಿ ನೋವೋ ನಾರ್ಡಿಸ್ಕ್ ಔಷಧ ಕಂಪನಿಯ ಅಮೆರಿಕದ ಮುಖ್ಯ ಕಚೇರಿ. ಜೊತೆಗೆ ಪ್ರಿನ್ಸ್‌ಟನ್ ಊರಿನಿಂದ ಇಲ್ಲಿಗೆ ಬಂದ ದೊಡ್ಡ ಆಸ್ಪತ್ರೆ. (‘ಹೌಸ್’ ಧಾರಾವಾಹಿ ನೋಡಿದವರಿಗೆ ಒಂದು ಮಾತು: ಅದರಲ್ಲಿರುವ ಪ್ರಿನ್ಸ್‌ಟನ್-ಪ್ಲೇನ್ಸ್‌ಬರೋ ಆಸ್ಪತ್ರೆ ಶುದ್ಧ ಕಲ್ಪನೆ. ತಮಾಷೆ ಏನಪ್ಪಾ ಅಂದ್ರೆ, ಧಾರಾವಾಹಿ ಮುಗಿದ 2012ರ ಮೇ ತಿಂಗಳಲ್ಲೇ ಪ್ಲೇನ್ಸ್‌ಬರೋಗೆ ನಿಜವಾದ ಆಸ್ಪತ್ರೆ ಬಂತು.) ಭೌತವಿಜ್ಞಾನ, ಔಷಧ, ಆಸ್ಪತ್ರೆ ಮೂರೂ ಒಂದೇ ಊರಲ್ಲಿ ಇದ್ದ ಮೇಲೆ ವಾರಕ್ಕೊಂದು ‘ಬ್ರೇಕ್‌ಥ್ರೂ’ ಕಿವಿಗೆ ಬೀಳದೆ ಇರುತ್ತದೆಯೇ?

ಈ ಪದದ ಅರ್ಥ ಎಲ್ಲರಿಗೂ ಗೊತ್ತಿದೆ ಅಂತ ನಾವು ಅಂದುಕೊಂಡಿದ್ದೇವೆ. ‘ಹಠಾತ್ ದೊಡ್ಡ ಮುನ್ನಡೆ’, ಅಷ್ಟೇ ತಾನೆ? ಆದರೆ ಊರಿಂದ ಬರುವ ಫೋನಿಗೆ ಉತ್ತರ ಕೊಡಬೇಕಾದಾಗ ಅದು ಅಷ್ಟು ಸುಲಭದ ಪದ ಅಲ್ಲ ಅಂತ ಗೊತ್ತಾಗುತ್ತದೆ.

2022ರ ಜೂನ್ ತಿಂಗಳನ್ನು ನೆನಪು ಮಾಡಿಕೊಳ್ಳಿ. ಇಲ್ಲಿಂದ ಟ್ರೇನಿನಲ್ಲಿ ಒಂದು-ಒಂದೂವರೆ ಗಂಟೆ ದೂರದ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಿಂದ ಒಂದು ಸುದ್ದಿ ಬಂತು. ಡೋಸ್ಟಾರ್ಲಿಮ್ಯಾಬ್ ಅನ್ನೋ ಔಷಧವನ್ನು ಮೂರು ವಾರಕ್ಕೊಮ್ಮೆ ಆರು ತಿಂಗಳು ಕೊಟ್ಟಾಗ, ಚಿಕಿತ್ಸೆ ಪೂರೈಸಿದ 12 ಮಂದಿ ಗುದನಾಳದ ಕ್ಯಾನ್ಸರ್ ರೋಗಿಗಳಲ್ಲಿ ಹನ್ನೆರಡೂ ಮಂದಿಯ ಗಡ್ಡೆ ಕಾಣದಂತಾಯಿತು. ವೈದ್ಯರೇ ಬೆರಗಾದ ಫಲಿತಾಂಶ ಅದು. ಇಂಗ್ಲಿಷ್ ಪತ್ರಿಕೆಗಳು ‘ಬ್ರೇಕ್‌ಥ್ರೂ’ ಅಂದವು. ಆ ಪದ ಸಮುದ್ರ ದಾಟಿ ವಾಟ್ಸಾಪಿನಲ್ಲಿ ಕನ್ನಡಕ್ಕೆ ಇಳಿಯುವಷ್ಟರಲ್ಲಿ ‘ಕ್ಯಾನ್ಸರ್‌ಗೆ ಕೊನೆಗೂ ಮದ್ದು ಸಿಕ್ಕಿತು’ ಅಂತಾಗಿತ್ತು.

ಆಮೇಲೆ ಫೋನುಗಳು ಶುರುವಾದವು. ನನಗೂ ಒಂದು ಬಂತು, ನಿಮ್ಮಲ್ಲೂ ಹಲವರಿಗೆ ಬಂದಿರಬಹುದು. ಆಗ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ದೂರದ ಸಂಬಂಧಿಯೊಬ್ಬರ ಮಗಳು ಕೇಳಿದ್ದು ಇಷ್ಟೇ: ‘ಆ ಔಷಧ ಅಲ್ಲೇ ನಿಮ್ಮ ಹತ್ರ ಸಿಗುತ್ತಂತಲ್ಲ, ಸೈಟು ಮಾರಿಯಾದರೂ ತರಿಸೋಣ ಅಂತಿದ್ದೀವಿ, ಎಷ್ಟಾಗುತ್ತೆ?’ ಅವರ ತಂದೆಗಿದ್ದದ್ದು ಶ್ವಾಸಕೋಶದ ಕ್ಯಾನ್ಸರ್. ನ್ಯೂಯಾರ್ಕಿನ ಪ್ರಯೋಗ ನಡೆದದ್ದು ಗುದನಾಳದ ಕ್ಯಾನ್ಸರ್ ಮೇಲೆ. ಅದರಲ್ಲೂ ಡಿಎನ್‌ಎ ತಪ್ಪುಗಳನ್ನು ತಿದ್ದುವ ಜೀವಕೋಶದ ವ್ಯವಸ್ಥೆಯೇ ಕೆಟ್ಟಿರುವಂಥ, ನೂರರಲ್ಲಿ ಐದರಿಂದ ಹತ್ತು ಮಂದಿಗಷ್ಟೇ ಇರುವ ಬಗೆಯ ಮೇಲೆ. ಇದನ್ನು ಹೇಳೋಕೆ ನನಗೆ ಅರ್ಧ ಗಂಟೆ ಹಿಡಿಯಿತು. ವಿಜ್ಞಾನ ವಿವರಿಸೋದು ಕಷ್ಟ ಆಗಲಿಲ್ಲ. ‘ಹಾಗಾದರೆ ಪೇಪರಿನಲ್ಲಿ ಬಂದದ್ದು ಸುಳ್ಳಾ?’ ಅಂತ ಅವರು ಕೇಳಿದರಲ್ಲ, ಅದಕ್ಕೆ ಉತ್ತರ ಕೊಡೋದು ಕಷ್ಟ ಆಯಿತು. ಸುಳ್ಳಲ್ಲ. ಆದರೆ ಅವರು ಅರ್ಥ ಮಾಡಿಕೊಂಡಂತೆ ನಿಜವೂ ಅಲ್ಲ. ಒಂದು ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಏನೆಂದು ಹೇಳುತ್ತೇವೆ ಅನ್ನೋದರ ಮೇಲೆ ಒಂದು ಸೈಟಿನ ಮಾರಾಟ ನಿಂತಿತ್ತು. ಅದಕ್ಕೇ ಈ ಲೇಖನ.

ಮೊದಲು ಪದದ ಹುಟ್ಟು. ‘ಬ್ರೇಕ್’ ಅಂದರೆ ಒಡೆ, ‘ಥ್ರೂ’ ಅಂದರೆ ಮೂಲಕ, ಆಚೆಗೆ. ಎರಡು ಹಳೆಯ ಪದಗಳು. ಆದರೆ ಇವು ಕೂಡಿ ಒಂದೇ ನಾಮಪದವಾಗಿ ಇಂಗ್ಲಿಷಿನಲ್ಲಿ ಬೇರೂರಿದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ನಿಘಂಟುಗಳು 1918ನೇ ಇಸವಿಯನ್ನು ಕೊಡುತ್ತವೆ. ಅದು ವಿಜ್ಞಾನದ ಪದವಲ್ಲ, ಸೈನ್ಯದ ಪದ. ಫ್ರಾನ್ಸಿನಲ್ಲಿ ಎರಡೂ ಕಡೆಯ ಸೈನ್ಯಗಳು ಕಂದಕ ತೋಡಿಕೊಂಡು, ಮುಳ್ಳುತಂತಿ ಎಳೆದುಕೊಂಡು ವರ್ಷಗಟ್ಟಲೆ ಎದುರುಬದುರು ಕೂತಿದ್ದವು. ಆ ಸಾಲನ್ನು ಎಲ್ಲಾದರೂ ಒಂದು ಕಡೆ ಸೀಳಿ ಆಚೆ ಬದಿಗೆ ಹೋಗೋದೇ ಬ್ರೇಕ್‌ಥ್ರೂ.

ಇದರಲ್ಲಿ ಒಂದು ಸೂಕ್ಷ್ಮ ಇದೆ. 1918ರ ಮಾರ್ಚ್ 21ರಂದು ಜರ್ಮನರು ಬ್ರಿಟಿಷರ ಸಾಲನ್ನು ಸೀಳಿದರು, ಹತ್ತಾರು ಮೈಲಿ ಒಳಗೆ ನುಗ್ಗಿದರು. ಆದರೆ ಹಿಂದಿನಿಂದ ಆಹಾರ, ಮದ್ದುಗುಂಡು, ಹೊಸ ಪಡೆ ಆ ವೇಗಕ್ಕೆ ಬರಲಾಗಲಿಲ್ಲ. ಎರಡು ವಾರದಲ್ಲಿ ದಾಳಿ ಸುಸ್ತಾಗಿ ನಿಂತಿತು. ಸಾಲು ಒಡೆದಿತ್ತು, ಯುದ್ಧ ಗೆದ್ದಿರಲಿಲ್ಲ.

ಅದೇ ವರ್ಷದ ಸೆಪ್ಟೆಂಬರ್ 19ರಂದು ಪ್ಯಾಲೆಸ್ಟೈನಿನಲ್ಲಿ ಇನ್ನೊಂದು ಬ್ರೇಕ್‌ಥ್ರೂ ನಡೆಯಿತು. ಇದರಲ್ಲಿ ನಮ್ಮವರಿದ್ದರು. ಸಮುದ್ರದ ಪಕ್ಕದ ಶಾರೋನ್ ಬಯಲಿನಲ್ಲಿ ಬ್ರಿಟಿಷ್ ಮತ್ತು ಭಾರತೀಯ ಕಾಲಾಳುಗಳು ತುರ್ಕರ ಸಾಲನ್ನು ಒಡೆದರು. ಆ ಬಿರುಕಿನ ಮೂಲಕ ಕುದುರೆ ದಂಡು ಹರಿದು ಉತ್ತರಕ್ಕೆ ಹೋಯಿತು. ನಾಲ್ಕು ದಿನಗಳ ನಂತರ, ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಸವಾರರು ಹೈಫಾ ಪಟ್ಟಣವನ್ನು ಹಿಡಿದರು. ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ತೋಪುಗಳನ್ನು ಸುಮ್ಮನಾಗಿಸಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಇವರ ಸ್ಮಾರಕ ಇದೆ. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಸವಾರರನ್ನು ನೆನೆಯುತ್ತವೆ. 2018ರಲ್ಲಿ ಅದಕ್ಕೆ ತೀನ್ ಮೂರ್ತಿ ಹೈಫಾ ಚೌಕ ಅಂತ ಹೆಸರಾಯಿತು. ‘ಬ್ರೇಕ್‌ಥ್ರೂ’ ಅನ್ನೋ ಪದ ಇಂಗ್ಲಿಷಿಗೆ ಇನ್ನೂ ಹೊಸದಾಗಿದ್ದಾಗಲೇ ಮೈಸೂರು ಸೀಮೆಯ ಕುದುರೆಗಳು ಒಂದು ಬ್ರೇಕ್‌ಥ್ರೂ ಮೂಲಕ ಓಡಿದ್ದವು ಅನ್ನೋದು ನನಗೆ ತುಂಬ ಇಷ್ಟವಾದ ಸಂಗತಿ.

ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟರೆ ಪದದ ಒಳಗುಟ್ಟು ತಿಳಿಯುತ್ತದೆ. ಒಡೆಯೋದು ಅರ್ಧ ಕೆಲಸ. ಒಡೆದ ಜಾಗದಲ್ಲಿ ಹಿಂದಿನವರು ದಾಟಿ ಬರಬೇಕು. ಇದನ್ನು ಕನ್ನಡಿಗರಿಗೆ ವಿವರಿಸೋಕೆ ಯುರೋಪಿನ ಯುದ್ಧವೇ ಬೇಕಿಲ್ಲ, ನಮಗೆ ಅಭಿಮನ್ಯು ಇದ್ದಾನೆ. ಹದಿಮೂರನೆಯ ದಿನ ದ್ರೋಣರ ಚಕ್ರವ್ಯೂಹವನ್ನು ಅಭಿಮನ್ಯು ಒಡೆದು ಒಳಗೆ ಹೋದ. ಹೊರಬರುವ ವಿದ್ಯೆ ಗೊತ್ತಿರಲಿಲ್ಲ ಅನ್ನೋದನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣ ಇದೆ: ಹಿಂದೆಯೇ ನುಗ್ಗಬೇಕಿದ್ದ ಭೀಮ, ಧರ್ಮರಾಯ, ನಕುಲ, ಸಹದೇವರನ್ನು ಸೈಂಧವ ಬಾಗಿಲಲ್ಲೇ ತಡೆದು ನಿಂತ. ಒಡೆದ ವ್ಯೂಹ ಹಿಂದೆಯೇ ಮುಚ್ಚಿಕೊಂಡಿತು. ಹುಡುಗನ ಪರಾಕ್ರಮದಲ್ಲಿ ಯಾವ ಕೊರತೆಯೂ ಇರಲಿಲ್ಲ, ಆದರೂ ಅದು ಪಾಂಡವರಿಗೆ ದಾರಿ ಆಗಲಿಲ್ಲ. ಯಕ್ಷಗಾನದಲ್ಲಿ ಅಭಿಮನ್ಯು ಕಾಳಗ ನೋಡಿದವರಿಗೆ ಈ ಸಂಕಟ ಹೊಸದಾಗಿ ಹೇಳಬೇಕಿಲ್ಲ. ಇನ್ನು ಮುಂದೆ ಯಾರಾದರೂ ಬ್ರೇಕ್‌ಥ್ರೂ ಅಂದಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಹಿಂದೆ ಯಾರಾದರೂ ದಾಟಿದರಾ, ಇಲ್ಲಾ ಸೈಂಧವ ಇನ್ನೂ ಬಾಗಿಲಲ್ಲೇ ಇದ್ದಾನಾ?

ಈ ಪ್ರಶ್ನೆಯನ್ನು ನಮ್ಮೂರಿನ ಲ್ಯಾಬಿನ ಚರಿತ್ರೆಯ ಮೇಲೆ ಪ್ರಯೋಗಿಸಿ ನೋಡೋಣ. ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ, ಯಾಕಂದ್ರೆ ಆ ಲ್ಯಾಬು ಹುಟ್ಟಿದ್ದೇ ಒಂದು ಸುಳ್ಳು ಬ್ರೇಕ್‌ಥ್ರೂ ಸುದ್ದಿಯಿಂದ. 1951ರ ಮಾರ್ಚಿನಲ್ಲಿ ಅರ್ಜೆಂಟೀನಾದ ಅಧ್ಯಕ್ಷ ಹುವಾನ್ ಪೆರೋನ್, ತಮ್ಮ ದೇಶದ ದ್ವೀಪವೊಂದರಲ್ಲಿ ರೊನಾಲ್ಡ್ ರಿಕ್ಟರ್ ಎಂಬ ವಿಜ್ಞಾನಿ ಪರಮಾಣು ಸಮ್ಮಿಲನವನ್ನು ಹತೋಟಿಗೆ ತಂದಿದ್ದಾರೆ ಅಂತ ಘೋಷಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ಜಗತ್ತಿನ ಪತ್ರಿಕೆಗಳು ಮುಖಪುಟದಲ್ಲಿ ಹಾಕಿದವು. ಪ್ರಿನ್ಸ್‌ಟನ್ನಿನ ಖಗೋಳ ವಿಜ್ಞಾನಿ ಲೈಮನ್ ಸ್ಪಿಟ್ಜರ್ ಅದನ್ನು ನಂಬಲಿಲ್ಲ. ಆದರೆ ‘ನಿಜವಾಗಿ ಮಾಡೋದಾದರೆ ಹೇಗೆ ಮಾಡಬಹುದು?’ ಅನ್ನೋ ಹುಳ ತಲೆಗೆ ಹೊಕ್ಕಿತು. ಕೊಲೊರಾಡೋದ ಆಸ್ಪೆನ್‌ನಲ್ಲಿ ಸ್ಕೀಯಿಂಗ್ ರಜೆಯಲ್ಲಿದ್ದಾಗ ಅದನ್ನೇ ಯೋಚಿಸಿದರು. ಸ್ಟೆಲರೇಟರ್ ಎಂಬ ಯಂತ್ರದ ಕಲ್ಪನೆ ಮೂಡಿತು. ಅದೇ ವರ್ಷ ‘ಪ್ರಾಜೆಕ್ಟ್ ಮ್ಯಾಟರ್‌ಹಾರ್ನ್’ ಎಂಬ ಗುಪ್ತನಾಮದಲ್ಲಿ ಕೆಲಸ ಶುರುವಾಯಿತು. ರಿಕ್ಟರ್ ಅವರ ಸಾಧನೆ ಟೊಳ್ಳು ಅಂತ ಅರ್ಜೆಂಟೀನಾದವರೇ ಆಮೇಲೆ ಕಂಡುಕೊಂಡರು. ಲ್ಯಾಬು ಉಳಿಯಿತು.

ಇನ್ನು ನಿಜವಾದ ಬ್ರೇಕ್‌ಥ್ರೂ. 1968ರಲ್ಲಿ ನೊವೊಸಿಬಿರ್ಸ್ಕ್ ಸಮ್ಮೇಳನದಲ್ಲಿ ಸೋವಿಯತ್ ವಿಜ್ಞಾನಿಗಳು ತಮ್ಮ ಟೋಕಮಾಕ್ ಯಂತ್ರದಲ್ಲಿ ಪ್ಲಾಸ್ಮಾ ಸುಮಾರು ಒಂದು ಕೋಟಿ ಡಿಗ್ರಿ ತಲುಪಿದೆ ಅಂದರು. ಪ್ರಿನ್ಸ್‌ಟನ್ನಿನವರಿಗೆ ನಂಬಿಕೆ ಬರಲಿಲ್ಲ, ಬರೋದೂ ಸಹಜ. ತಮ್ಮ ಸ್ಟೆಲರೇಟರಿಗೆ ಹದಿನೇಳು ವರ್ಷ ಸುರಿದಿದ್ದರು. ಶೀತಲ ಸಮರದ ನಟ್ಟನಡುವೆ, 1969ರಲ್ಲಿ, ಬ್ರಿಟನ್ನಿನ ಕಲ್ಹಮ್ ಲ್ಯಾಬಿನ ತಂಡವೊಂದು ತನ್ನದೇ ಲೇಸರ್ ಉಪಕರಣ ಹೊತ್ತುಕೊಂಡು ಮಾಸ್ಕೋಗೆ ಹೋಗಿ ಅಳೆಯಿತು. ರಷ್ಯನ್ನರು ಹೇಳಿದ್ದು ಸರಿ ಅಂತಾಯಿತು. ಆಮೇಲೆ ನಡೆದದ್ದು ನೋಡಿ: ಪ್ರಿನ್ಸ್‌ಟನ್ನಿನವರು ತಮ್ಮ ದೊಡ್ಡ ಸ್ಟೆಲರೇಟರನ್ನು ನಿಲ್ಲಿಸಿ, ತಿಂಗಳುಗಳಲ್ಲೇ ಅದನ್ನು ಟೋಕಮಾಕ್ ಆಗಿ ಬದಲಿಸಿ, 1970ರಲ್ಲಿ ಓಡಿಸಿದರು. ಬೇರೆ ದೇಶದವರೂ ಅದೇ ದಾರಿ ಹಿಡಿದರು. ಒಬ್ಬರು ಒಡೆದರು, ಇನ್ನೊಬ್ಬರು ಪರೀಕ್ಷಿಸಿದರು, ಉಳಿದವರೆಲ್ಲ ದಾಟಿದರು. ಪದದ ಪೂರ್ತಿ ಅರ್ಥದಲ್ಲಿ ಬ್ರೇಕ್‌ಥ್ರೂ ಅಂದರೆ ಇದು.

1994ರ ನವೆಂಬರಿನಲ್ಲಿ ಪ್ಲೇನ್ಸ್‌ಬರೋದ ಟಿಎಫ್‌ಟಿಆರ್ ಯಂತ್ರ 10.7 ಮೆಗಾವಾಟ್ ಸಮ್ಮಿಲನ ಶಕ್ತಿಯನ್ನು ಕ್ಷಣಕಾಲ ಹೊಮ್ಮಿಸಿತು. ಅದು ಆಗಿನ ವಿಶ್ವದಾಖಲೆ. ಆದರೆ ಪ್ಲಾಸ್ಮಾ ಕಾಯಿಸಲು ಒಳಗೆ ತುಂಬಿದ ಶಕ್ತಿ ಇದರ ಮೂರು ಪಟ್ಟಿಗೂ ಹೆಚ್ಚು. ಇದಕ್ಕೆ ‘ದಾಖಲೆ’ ಅನ್ನೋಣ, ‘ಮೈಲಿಗಲ್ಲು’ ಅನ್ನೋಣ. ಯಂತ್ರ 1997ರಲ್ಲಿ ನಿಂತಿತು.

2022ರ ಡಿಸೆಂಬರ್ 5ರದ್ದು ಬಹಳ ಚರ್ಚೆಯಾದ ಉದಾಹರಣೆ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಲ್ಯಾಬಿನಲ್ಲಿ ಲೇಸರ್ ಕಿರಣಗಳು 2.05 ಮೆಗಾಜೂಲ್ ಶಕ್ತಿಯನ್ನು ಗುರಿಗೆ ಹೊಡೆದವು, ಸಮ್ಮಿಲನದಿಂದ 3.15 ಮೆಗಾಜೂಲ್ ಹೊರಬಂತು. ಕೊಟ್ಟದ್ದಕ್ಕಿಂತ ಹೆಚ್ಚು ಬಂತು! ಎಲ್ಲ ಕಡೆ ‘ಬ್ರೇಕ್‌ಥ್ರೂ’. ಆದರೆ ಆ ಲೇಸರುಗಳನ್ನು ಉರಿಸಲು ಗೋಡೆಯ ಪ್ಲಗ್ಗಿನಿಂದ ಎಳೆದದ್ದು ಸುಮಾರು 300 ಮೆಗಾಜೂಲ್. ವಿಜ್ಞಾನದ ಲೆಕ್ಕದಲ್ಲಿ ಅದು ಬ್ರೇಕ್‌ಥ್ರೂ ಹೌದು: ದಶಕಗಳಿಂದ ದಾಟಲಾಗದ ಗೆರೆ ದಾಟಿತು, ಮರುವರ್ಷ ಮತ್ತೆ ದಾಟಿ ತೋರಿಸಿದರು. ಕರೆಂಟು ಬಿಲ್ಲಿನ ಲೆಕ್ಕದಲ್ಲಿ ಅಲ್ಲ. ಒಂದೇ ಘಟನೆ ಒಂದು ಗೋಡೆಯ ಮಟ್ಟಿಗೆ ಬ್ರೇಕ್‌ಥ್ರೂ, ಇನ್ನೊಂದು ಗೋಡೆಯ ಮಟ್ಟಿಗೆ ಬರೀ ಒಂದು ಹೆಜ್ಜೆ ಆಗಿರಬಹುದು. ಹಾಗಾಗಿ ಆ ಪದ ಕಂಡ ಕೂಡಲೇ ‘ಯಾವ ಗೋಡೆ?’ ಅಂತ ಕೇಳಬೇಕು. ಕರ್ನಾಟಕದಲ್ಲಿ ಇದಕ್ಕೆ ಸ್ವಚ್ಛವಾದ ಉದಾಹರಣೆ ಬೇಕಾದರೆ 1902ರ ಶಿವನಸಮುದ್ರ ತೆಗೆದುಕೊಳ್ಳಿ. ಅಲ್ಲಿ ಗೋಡೆ ಯಾವುದು ಅಂತ ಸ್ಪಷ್ಟ: ದೂರ. ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ವಿದ್ಯುತ್ ಹೋಯಿತು. ಮೂರೇ ವರ್ಷದಲ್ಲಿ, 1905ರಲ್ಲಿ, ಬೆಂಗಳೂರಿನ ಬೀದಿ ದೀಪಗಳು ಅದರಿಂದ ಹೊತ್ತಿದವು.

ಈಗ ಔಷಧದ ಕಡೆಗೆ. ಇಲ್ಲಿ ‘ಬ್ರೇಕ್‌ಥ್ರೂ’ ಅನ್ನೋದು ಪತ್ರಕರ್ತರ ಉತ್ಸಾಹದ ಪದ ಮಾತ್ರ ಅಲ್ಲ, ಕಾನೂನಿನ ಪದ. 2012ರ ಜುಲೈನಲ್ಲಿ ಅಮೆರಿಕದಲ್ಲಿ ಬಂದ ಕಾಯ್ದೆಯೊಂದು ಎಫ್‌ಡಿಎಗೆ ‘ಬ್ರೇಕ್‌ಥ್ರೂ ಥೆರಪಿ’ ಎಂಬ ಗುರುತು ಕೊಡುವ ಅಧಿಕಾರ ಕೊಟ್ಟಿತು. ಅದು ಯಾವಾಗ ಸಿಗುತ್ತದೆ? ಕಾಯಿಲೆ ಗಂಭೀರವಾಗಿರಬೇಕು ಅಥವಾ ಪ್ರಾಣಕ್ಕೆ ಅಪಾಯ ತರುವಂಥದ್ದಾಗಿರಬೇಕು. ಈಗಿರುವ ಚಿಕಿತ್ಸೆಗಿಂತ ಇದು ಗಣನೀಯವಾಗಿ ಉತ್ತಮ ಆಗಬಹುದು ಅಂತ ಆರಂಭಿಕ ಪ್ರಯೋಗಗಳು ಸೂಚಿಸಬೇಕು. ಇಲ್ಲಿ ‘ಆರಂಭಿಕ’, ‘ಆಗಬಹುದು’, ‘ಸೂಚಿಸಬೇಕು’ ಅನ್ನೋ ಮೂರು ಪದಗಳನ್ನು ಗಮನಿಸಿ. ಗುರುತು ಸಿಕ್ಕರೆ ಎಫ್‌ಡಿಎ ಆ ಔಷಧದ ಪರಿಶೀಲನೆಗೆ ಹೆಚ್ಚು ಗಮನ ಕೊಟ್ಟು ಬೇಗ ಬೇಗ ನಡೆಸುತ್ತದೆ. ಅದು ಒಪ್ಪಿಗೆ ಅಲ್ಲ. ಮುಂದಿನ ಪ್ರಯೋಗದಲ್ಲಿ ಔಷಧ ಸೋತರೆ ಗುರುತನ್ನು ಹಿಂದಕ್ಕೂ ಪಡೆಯಬಹುದು. ಮೇಲೆ ಹೇಳಿದ ಡೋಸ್ಟಾರ್ಲಿಮ್ಯಾಬ್‌ಗೆ ಆ ಬಗೆಯ ಗುದನಾಳದ ಕ್ಯಾನ್ಸರಿಗಾಗಿ ಈ ಗುರುತು ಸಿಕ್ಕಿದ್ದು 2024ರ ಡಿಸೆಂಬರಿನಲ್ಲಿ. ಅಂದರೆ ಪತ್ರಿಕೆಗಳು ಬ್ರೇಕ್‌ಥ್ರೂ ಅಂದ ಎರಡೂವರೆ ವರ್ಷದ ನಂತರ ಕಾನೂನು ಆ ಪದ ಬಳಸಿತು!

ಹೀಗೆ ಪರೀಕ್ಷೆಗೆ ‘ಬೇಗ ಬಾ’ ಅಂತ ಕರೆಯೋದನ್ನು ಸೂಚಿಸುವ ಗುರುತಿಗೆ ಇಷ್ಟು ದೊಡ್ಡ ಹೆಸರು ಇಟ್ಟದ್ದು ಸರಿಯಲ್ಲ ಅಂತ ನನಗನ್ನಿಸುತ್ತದೆ. 2015ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನವೂ ಇದನ್ನೇ ತೋರಿಸಿತು. ಔಷಧದ ಅದೇ ಮಾಹಿತಿಯನ್ನು ಕೊಟ್ಟು, ಜೊತೆಗೆ ‘ಬ್ರೇಕ್‌ಥ್ರೂ’ ಅನ್ನೋ ಒಂದು ಪದ ಸೇರಿಸಿದರೆ ಸಾಕು, ಜನ ಆ ಔಷಧವನ್ನು ಹೆಚ್ಚು ಪರಿಣಾಮಕಾರಿ ಅಂತ ನಂಬುತ್ತಿದ್ದರು. ಇಂಗ್ಲಿಷನ್ನೇ ಮಾತಾಡಿಕೊಂಡು ಬೆಳೆದವರ ಪಾಡೇ ಹೀಗಾದರೆ, ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಕೂತು ಅನುವಾದ ಓದುವವರ ಗತಿ?

ಆಸ್ಪತ್ರೆಯಲ್ಲಿ ಇದೇ ಪದಕ್ಕೆ ತಿರುಗುಮುರುಗಾದ ಅರ್ಥವೂ ಇದೆ. ಅಪ್ಪ-ಅಮ್ಮ ಇಲ್ಲಿಗೆ ಬಂದಾಗ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವರು ಇದನ್ನು ತಿಳಿದುಕೊಂಡಿರಬೇಕು. ‘ಬ್ರೇಕ್‌ಥ್ರೂ ಪೇಯ್ನ್’ ಅಂದರೆ ನೋವು ವಾಸಿಯಾಗುವುದರಲ್ಲಿ ಮುನ್ನಡೆ ಅಲ್ಲ. ನೋವು ತಡೆಯೋಕೆ ನಿತ್ಯ ಮಾತ್ರೆ ಕೊಡುತ್ತಿದ್ದರೂ ಅದನ್ನು ಮೀರಿ ಇದ್ದಕ್ಕಿದ್ದಂತೆ ಎದ್ದು ಬರುವ ನೋವು. ‘ಬ್ರೇಕ್‌ಥ್ರೂ ಬ್ಲೀಡಿಂಗ್’ ಅಂದರೆ ಹಾರ್ಮೋನ್ ಮಾತ್ರೆ ತಗೊಳ್ಳುತ್ತಿರುವಾಗ ಮುಟ್ಟಿನ ನಡುವೆ ಆಗುವ ರಕ್ತಸ್ರಾವ. 2021ರಲ್ಲಿ ನಾವೆಲ್ಲ ಕಲಿತ ‘ಬ್ರೇಕ್‌ಥ್ರೂ ಇನ್ಫೆಕ್ಷನ್’ ಅಂದರೆ ಲಸಿಕೆ ಹಾಕಿಸಿಕೊಂಡವರಿಗೂ ಬಂದ ಸೋಂಕು. ಇಲ್ಲೆಲ್ಲ ಗೋಡೆ ನಮ್ಮದು, ಒಡೆದು ಬರುತ್ತಿರುವವನು ಶತ್ರು. ಪದದ ಸೈನಿಕ ಮೂಲ ನೆನಪಿದ್ದರೆ ಗೊಂದಲವೇ ಇಲ್ಲ: ಸಾಲು ಒಡೆದದ್ದು ಒಂದೇ, ನಾವು ಸಾಲಿನ ಯಾವ ಕಡೆ ಇದ್ದೇವೆ ಅನ್ನೋದರ ಮೇಲೆ ಅದು ಸಿಹಿಸುದ್ದಿಯೋ ಕಹಿಸುದ್ದಿಯೋ. ಇವಕ್ಕೆ ಕನ್ನಡದಲ್ಲಿ ‘ಮೀರಿ ಬರುವ’ ಅನ್ನೋದು ಚೆನ್ನಾಗಿ ಒಗ್ಗುತ್ತದೆ: ಮಾತ್ರೆ ಮೀರಿದ ನೋವು, ಲಸಿಕೆ ಮೀರಿದ ಸೋಂಕು. ಅಮ್ಮನಿಗೆ ಒಂದೇ ಸಲಕ್ಕೆ ಅರ್ಥವಾಗುತ್ತದೆ.

ಹಾಗಾದರೆ ಸಿಹಿಸುದ್ದಿಯ ಬ್ರೇಕ್‌ಥ್ರೂಗೆ ಕನ್ನಡದಲ್ಲಿ ಏನು? ನಮ್ಮ ಪತ್ರಿಕೆಗಳಲ್ಲಿ ಒಂದೇ ಪದ ಇಲ್ಲ, ಸಂದರ್ಭಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಅದು ಕೊರತೆ ಅಂತ ಕೆಲವರು ಅಂದುಕೊಳ್ಳುತ್ತಾರೆ, ನನಗೆ ಅದು ಅನುಕೂಲ ಅನ್ನಿಸುತ್ತದೆ. ಪೊಲೀಸರಿಗೆ ತನಿಖೆಯಲ್ಲಿ ಬ್ರೇಕ್‌ಥ್ರೂ ಸಿಕ್ಕರೆ ‘ಮಹತ್ವದ ಸುಳಿವು’. ಆರೋಪಿಗಳು ಸಿಕ್ಕಿದ ಮೇಲೆ ‘ಪ್ರಕರಣ ಭೇದಿಸಿದರು’. ಈ ‘ಭೇದಿಸು’ ಚಕ್ರವ್ಯೂಹಕ್ಕೂ ಬಳಸುವ ಪದ, ಇಂಗ್ಲಿಷ್ ಪದಕ್ಕೆ ಅತಿ ಹತ್ತಿರದ್ದೂ ಹೌದು. ಆದರೆ ‘ವಿಜ್ಞಾನಿಗಳು ಕ್ಯಾನ್ಸರನ್ನು ಭೇದಿಸಿದರು’ ಅಂದರೆ ಕಿವಿಗೆ ಕಟುವಾಗುತ್ತದೆ. ಮಾತುಕತೆಯಲ್ಲಿ, ಅದು ಕಾವೇರಿಯದ್ದಾಗಲಿ ಸಂಬಳದ್ದಾಗಲಿ, ‘ಕಗ್ಗಂಟು ಸಡಿಲಾಯಿತು’. ‘ಕಗ್ಗಂಟು ಬಿಡಿಸಿದರು’ ಅಂದರೆ ಪೂರ್ತಿ ಮುಗಿಯಿತು ಅಂತ. ಇಂಗ್ಲಿಷ್ ಬ್ರೇಕ್‌ಥ್ರೂ ಪದದಲ್ಲಿ ಈ ಎರಡರ ನಡುವಿನ ಅಂತರ ಕಾಣೋದೇ ಇಲ್ಲ, ಕನ್ನಡದಲ್ಲಿ ಎಷ್ಟು ಸಲೀಸಾಗಿ ಕಾಣುತ್ತದೆ ನೋಡಿ. ಸಿನಿಮಾ ನಟರ ‘ಬ್ರೇಕ್‌ಥ್ರೂ ರೋಲ್’ಗೆ ಕನ್ನಡದವರು ಬರೀ ‘ಬ್ರೇಕ್’ ಅಂದುಬಿಟ್ಟಿದ್ದಾರೆ: ‘ಆ ಸಿನಿಮಾ ಅವರಿಗೆ ಬ್ರೇಕ್ ಕೊಟ್ಟಿತು’. ಅದು ಈಗ ಕನ್ನಡವೇ, ತಿದ್ದೋಕೆ ಹೋಗೋದು ಬೇಡ.

ವಿಜ್ಞಾನದ ಸುದ್ದಿಯಲ್ಲಿ ಮಾತ್ರ ‘ಕ್ರಾಂತಿಕಾರಿ ಸಂಶೋಧನೆ’ ಅಂತ ಬರೆಯುವ ಚಾಳಿ ಇದೆ. ಇದು ನನಗೆ ಹಿಡಿಸೋದಿಲ್ಲ. ಕ್ರಾಂತಿ ಅಂದರೆ ಆಗಿಹೋದ ಮೇಲೆ ಹೇಳುವ ಮಾತು. ಬ್ರೇಕ್‌ಥ್ರೂ ಅಂದರೆ ಈಗಷ್ಟೇ ಬಿರುಕು ಬಿಟ್ಟಿದೆ ಅಂತ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಗುತ್ತದೆ. ‘ಮದ್ದು ಸಿಕ್ಕಿತು’ ಅನ್ನೋದಂತೂ ಅನುವಾದವೇ ಅಲ್ಲ. ನನ್ನ ಆಯ್ಕೆ ‘ದಾರಿ ತೆರೆಯಿತು’. ‘ಈ ಬಗೆಯ ಕ್ಯಾನ್ಸರಿಗೆ ಹೊಸ ದಾರಿ ತೆರೆದಿದೆ’ ಅಂದಾಗ ಸಂತೋಷವೂ ಇದೆ, ಇನ್ನೂ ನಡೆಯೋದಿದೆ ಅನ್ನೋದೂ ತಾನಾಗೇ ಗೊತ್ತಾಗುತ್ತದೆ. ಇನ್ನೂ ಹುಷಾರಾಗಿ ಹೇಳಬೇಕಾದರೆ ‘ಕಿಂಡಿ ತೆರೆದಿದೆ’ ಅನ್ನಬಹುದು. ಗೋಡೆ ಇನ್ನೂ ನಿಂತಿದೆ, ಆದರೆ ಆಚೆ ಬದಿ ಕಾಣುತ್ತಿದೆ. ಉಡುಪಿಯ ಕನಕನ ಕಿಂಡಿಯ ಐತಿಹ್ಯ ಬಲ್ಲವರಿಗೆ ಈ ಪದದ ತೂಕ ತಿಳಿದೇ ಇದೆ: ಗೋಡೆ ಬಿರುಕು ಬಿಟ್ಟದ್ದು ಒಬ್ಬ ಭಕ್ತನಿಗಾಗಿ, ಆ ಕಿಂಡಿಯಲ್ಲಿ ಇವತ್ತಿಗೂ ನೋಡುತ್ತಿರುವವರು ಎಲ್ಲರೂ. ಹನ್ನೆರಡು ರೋಗಿಗಳ ಪ್ರಯೋಗಕ್ಕೆ ‘ಕಿಂಡಿ’ ಸರಿಯಾದ ಅಳತೆ.

‘ಕ್ವಾಂಟಮ್ ಲೀಪ್’ ಬಗ್ಗೆಯೂ ಎರಡು ಮಾತು, ಯಾಕಂದ್ರೆ ಬ್ರೇಕ್‌ಥ್ರೂ ಬೇಸರವಾದಾಗ ಜನ ಇದನ್ನು ಎತ್ತಿಕೊಳ್ಳುತ್ತಾರೆ. ಭೌತವಿಜ್ಞಾನದಲ್ಲಿ ಇದು ಪರಮಾಣುವಿನೊಳಗೆ ಎಲೆಕ್ಟ್ರಾನು ಒಂದು ಮಟ್ಟದಿಂದ ಇನ್ನೊಂದಕ್ಕೆ ನೆಗೆಯೋದು, ಅಂದರೆ ಊಹಿಸಲಾಗದಷ್ಟು ಚಿಕ್ಕ ನೆಗೆತ. ಅದರ ವಿಶೇಷ ಗಾತ್ರದಲ್ಲಿಲ್ಲ, ನಡುವೆ ಮೆಟ್ಟಿಲೇ ಇಲ್ಲ ಅನ್ನೋದರಲ್ಲಿದೆ. ಮಾತಿನಲ್ಲಿ ಅದು ‘ಭಾರೀ ಜಿಗಿತ’ ಆಗಿಬಿಟ್ಟಿದೆ. ಫಿಸಿಕ್ಸ್ ಓದುವವರ ಮುಂದೆ ಬಳಸಿದರೆ ನಗುತ್ತಾರೆ, ಮ್ಯಾನೇಜ್ಮೆಂಟ್ ಓದುವವರ ಮುಂದೆ ಬಳಸಿದರೆ ತಲೆಯಾಡಿಸುತ್ತಾರೆ. ಕನ್ನಡ ಪತ್ರಿಕೆಗಳ ‘ಹನುಮ ಜಿಗಿತ’ ಇದಕ್ಕಿಂತ ಪ್ರಾಮಾಣಿಕ ಪದ. ಆದರೆ ಅದನ್ನೂ ಬ್ರೇಕ್‌ಥ್ರೂಗೆ ಬಳಸಬೇಡಿ. ಹನುಮಂತ ಒಬ್ಬನೇ ಹಾರಿದ. ಕಪಿಸೇನೆ ದಾಟಲು ಸೇತುವೆಯೇ ಬೇಕಾಯಿತು.

ಕೊನೆಗೆ ನಮ್ಮ ಸ್ವಂತ ಬರವಣಿಗೆ. ರೆಸ್ಯೂಮೆ, ಸ್ಟೇಟ್‌ಮೆಂಟ್, ಥೀಸಿಸ್, ವೀಸಾ ಅರ್ಜಿಗೆ ಜೋಡಿಸುವ ಪತ್ರ, ಎಲ್ಲದರಲ್ಲೂ ಈ ಪದ ನುಸುಳುತ್ತದೆ. ನಾಮಪದವಾದಾಗ ಒಂದೇ ಪದವಾಗಿ, ನಡುವೆ ಗೆರೆ ಇಲ್ಲದೆ ಬರೆಯಿರಿ. ಉಚ್ಚಾರದಲ್ಲಿ ಒತ್ತು ‘ಬ್ರೇಕ್’ ಮೇಲೆ. ಕ್ರಿಯಾಪದವಾದಾಗ ‘ಬ್ರೇಕ್ ಥ್ರೂ’ ಅಂತ ಎರಡು ಪದ, ಒತ್ತು ‘ಥ್ರೂ’ ಮೇಲೆ ಬೀಳುತ್ತದೆ. ಭೂತಕಾಲ ‘ಬ್ರೋಕ್ ಥ್ರೂ’. ‘ಬ್ರೇಕ್‌ಥ್ರೂಡ್’ ಅಂತ ಒಬ್ಬರ ಪೋಸ್ಟರಿನಲ್ಲಿ ನೋಡಿದ್ದೇನೆ, ದಯವಿಟ್ಟು ಬೇಡ. ಯಾವ ಕ್ಷೇತ್ರದಲ್ಲಿ ಅಂತ ಹೇಳುವಾಗ ಮುಂದೆ ‘ಇನ್’ ಬರಬೇಕು. ನಾವು ಕನ್ನಡದ ‘ಬ್ಯಾಟರಿಯ ಬ್ರೇಕ್‌ಥ್ರೂ’ ಗುಂಗಿನಲ್ಲಿ ‘ಆಫ್’ ಹಾಕಿಬಿಡುತ್ತೇವೆ. ‘ಮೇಜರ್ ಬ್ರೇಕ್‌ಥ್ರೂ’ ಅನ್ನೋದರಲ್ಲಿ ‘ಮೇಜರ್’ ದಂಡ. ಚಿಕ್ಕ ಬ್ರೇಕ್‌ಥ್ರೂ ಅಂತ ಯಾರೂ ಬರೆಯೋದಿಲ್ಲವಲ್ಲ.

ನಿಮ್ಮ ಕೆಲಸವನ್ನು ನೀವೇ ಬ್ರೇಕ್‌ಥ್ರೂ ಅಂತ ಕರೆದುಕೊಳ್ಳುವ ಮುಂಚೆ ಒಂದು ವಾಕ್ಯ ಬರೆದು ನೋಡಿ: ಇದಕ್ಕೆ ಮೊದಲು ಯಾವುದು ಆಗುತ್ತಿರಲಿಲ್ಲ, ಈಗ ಯಾರು ಏನು ಮಾಡಬಲ್ಲರು. ‘ನಮ್ಮ ವಿಧಾನ ಬಂದ ಮೇಲೆ ಬೇರೆ ಮೂರು ಲ್ಯಾಬುಗಳು ಇದನ್ನೇ ಬಳಸುತ್ತಿವೆ’ ಅಂತ ಬರೆಯಲು ಸಾಧ್ಯವಾದರೆ ಆ ವಾಕ್ಯವನ್ನೇ ಇಟ್ಟುಕೊಳ್ಳಿ, ಪದವನ್ನು ತೆಗೆದುಬಿಡಿ. ಓದುವ ಪ್ರೊಫೆಸರು ತಾನೇ ಬ್ರೇಕ್‌ಥ್ರೂ ಅಂತ ಶಿಫಾರಸು ಪತ್ರದಲ್ಲಿ ಬರೆದುಕೊಂಡಾರು. ಅವರು ಬರೆದರೆ ಅದಕ್ಕೆ ಬೆಲೆ ಜಾಸ್ತಿ.